ಗಾಳಿಯಿದ್ದರೆ ಗೊಬ್ಬರ, ಗಾಳಿಯಿಲ್ಲದಿದ್ದರೆ ಅನಿಲ

ಬೆಂಗಳೂರಿನಲ್ಲಿ ನಾಲ್ಕು ಜನರಿರುವ ಮನೆಯೊಂದರ ಹಸಿ ಕಸ ದಿನಕ್ಕೆ ಹೆಚ್ಚೂಕಡಿಮೆ ಒಂದು ಕಿಲೋ ತೂಗುತ್ತದೆ. ಸೋರೆಕಾಯಿ ಸಿಪ್ಪೆ, ಸೊಪ್ಪಿನ ದಂಟು, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಕಿವುಚಿ ಹಿಂಡಿದ ಹುಣಸೆ ನಾರು, ತಟ್ಟೆಯಂಚಿಗೆ ಸರಿಸಿಟ್ಟ ಕರಿಬೇವು, ನಿನ್ನೆಯ ಅನ್ನ, ಮೊಟ್ಟೆಯ ಚಿಪ್ಪು. ಇಷ್ಟನ್ನೂ ಚೆನ್ನಾಗಿ ಒಣಗಿಸಿ ಮತ್ತೆ ತಕ್ಕಡಿಗೆ ಹಾಕಿದರೆ ಕಾಲು ಕಿಲೋ ಬಂದರೆ ಹೆಚ್ಚು. ಮಿಕ್ಕದ್ದೆಲ್ಲ ನೀರು. ಬೆಳಗ್ಗೆ ಹಾಡು ಹಾಕಿಕೊಂಡು ಬೀದಿಗೆ ಬರುವ ಆಟೋ ಟಿಪ್ಪರ್ ನಮ್ಮ ಅಡುಗೆಮನೆಯಿಂದ ಹೊತ್ತೊಯ್ಯುವುದು ಮುಖ್ಯವಾಗಿ ನೀರನ್ನೇ.

ಹಸಿ ಕಸದ ಕಷ್ಟಗಳೆಲ್ಲ ಈ ನೀರಿನಿಂದಲೇ ಶುರುವಾಗುತ್ತವೆ. ನೀರಿರುವುದರಿಂದ ಅದು ಭಾರ, ಸಾಗಿಸಲು ಡೀಸೆಲ್ ಹೆಚ್ಚು ಬೇಕು. ನೀರಿರುವುದರಿಂದ ಅದು ಕೊಳೆಯುತ್ತದೆ. ನೀರಿರುವುದರಿಂದಲೇ ಅದು ಉರಿಯುವುದೂ ಇಲ್ಲ. ನಗರದಲ್ಲಿ ಕಸದ ಗಲಾಟೆ ಎದ್ದಾಗಲೆಲ್ಲ ‘ಸುಟ್ಟು ಕರೆಂಟ್ ಮಾಡಬಾರದೇಕೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಆ ಕಾಲು ಕಿಲೋ ಒಣ ಪದಾರ್ಥ ಪೂರ್ತಿ ಉರಿದರೆ ಸುಮಾರು 4 ಮೆಗಾಜೂಲ್ ಶಾಖ ಸಿಗುತ್ತದೆ. ಜೊತೆಗಿರುವ ಮುಕ್ಕಾಲು ಕಿಲೋ ನೀರನ್ನು ಕಾಯಿಸಿ ಆವಿ ಮಾಡುವುದಕ್ಕೇ ಹತ್ತಿರ ಹತ್ತಿರ 2 ಮೆಗಾಜೂಲ್ ಖರ್ಚಾಗುತ್ತದೆ. ಸಿಕ್ಕ ಶಾಖದಲ್ಲಿ ಅರ್ಧ ನೀರಿಗೇ ಹೋಯಿತು. ಬೇರೆ ಇಂಧನ ಸುರಿಯದೆ ಕಸ ತಾನಾಗಿ ಉರಿಯಬೇಕಾದರೆ ಕಿಲೋಗೆ ಕನಿಷ್ಠ 6 ಮೆಗಾಜೂಲ್‌ನಷ್ಟಾದರೂ ಶಾಖ ಉಳಿಯಬೇಕೆಂದು ಎಂಜಿನಿಯರುಗಳು ಅಂದಾಜಿಸುತ್ತಾರೆ. ನಮ್ಮ ಸಿಪ್ಪೆ-ಅನ್ನದಲ್ಲಿ ಉಳಿಯುವುದು ಅದರ ಮೂರನೇ ಒಂದು ಪಾಲು. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನ ತಂದು, ದಿನಕ್ಕೆ 300 ಟನ್ ಕಸ ಸುಡುವ ಘಟಕವೊಂದನ್ನು ಕಟ್ಟಲಾಗಿತ್ತು. ಕೆಲವೇ ವಾರಗಳಲ್ಲಿ ಅದು ನಿಂತಿತು. ಯಂತ್ರ ಬಯಸಿದಷ್ಟು ಶಾಖ ದೆಹಲಿಯ ಕಸದಲ್ಲಿ ಇರಲಿಲ್ಲ. ಕಾಗದ, ರಟ್ಟು ತುಂಬಿದ ಯುರೋಪಿನ ಡಬ್ಬಿಗೂ ತರಕಾರಿ ತುಂಬಿದ ನಮ್ಮ ಡಬ್ಬಿಗೂ ಇರುವ ಈ ವ್ಯತ್ಯಾಸವನ್ನು ಕಟ್ಟುವುದಕ್ಕೆ ಮೊದಲೇ ಅಳೆಯಬಹುದಿತ್ತು.

ಸುಡಲಾಗದ್ದನ್ನು ಕೊಳೆಯಿಸಬೇಕು. ಕೊಳೆಯುವುದಕ್ಕೆ ಇರುವುದು ಎರಡೇ ದಾರಿ.

ಆ ಕಾಲು ಕಿಲೋ ಒಣ ಪದಾರ್ಥದಲ್ಲಿರುವುದು ಪಿಷ್ಟ, ಸಕ್ಕರೆ, ಒಂದಿಷ್ಟು ಪ್ರೋಟೀನ್, ಎಣ್ಣೆ, ಮತ್ತೆ ಸೆಲ್ಯುಲೋಸ್ ಎಂಬ ನಾರು. ಬಿಸಿಲಿನಿಂದ ಗಿಡ ಹಿಡಿದಿಟ್ಟ ಶಕ್ತಿ ಇವುಗಳ ಬಂಧಗಳಲ್ಲಿ ಕೂತಿದೆ. ನಾವು ತಿನ್ನದೆ ಬಿಟ್ಟದ್ದನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ತಿನ್ನುತ್ತವೆ. ಅವಕ್ಕೆ ಗಾಳಿ ಸಿಕ್ಕರೆ ನಮ್ಮ ಹಾಗೆಯೇ ಉಸಿರಾಡುತ್ತವೆ: ಸಕ್ಕರೆಯ ಇಂಗಾಲ ಆಮ್ಲಜನಕದೊಂದಿಗೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಅದರಲ್ಲಿದ್ದ ಶಕ್ತಿಯ ಬಹುಪಾಲು ಶಾಖವಾಗಿ ಹೊರಬೀಳುತ್ತದೆ. ಗೊಬ್ಬರದ ರಾಶಿಯೊಳಗೆ ಕೈ ಹಾಕಿದವರಿಗೆ ಈ ಶಾಖ ಗೊತ್ತು. ಒಳ್ಳೆಯ ರಾಶಿ ಎರಡು ಮೂರು ದಿನದಲ್ಲಿ 60 ಡಿಗ್ರಿ ಮುಟ್ಟುತ್ತದೆ. 55 ಡಿಗ್ರಿಗಿಂತ ಮೇಲೆ ಮೂರು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಅದಕ್ಕಾಗಿ ಬೆಂಕಿ ಹಾಕಬೇಕಾಗಿಲ್ಲ, ಗಾಳಿ ಆಡುವಂತೆ ನೋಡಿಕೊಂಡರೆ ಸಾಕು.

ಗಾಳಿ ಸಿಗದಿದ್ದರೆ ಬೇರೆಯದೇ ಜೀವಿಗಳ ಸರದಿ. ಅವು ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಮುರಿಯುತ್ತವೆ, ಕೊನೆಗೆ ಮಿಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಉಳಿಯುತ್ತವೆ. ಇಲ್ಲಿ ಒಂದು ಅಚ್ಚರಿಯಿದೆ. ಗ್ಲೂಕೋಸ್ ಹೀಗೆ ಮುರಿದಾಗ ಅದರಲ್ಲಿದ್ದ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಖರ್ಚಾಗುವುದೇ ಇಲ್ಲ, ಮಿಥೇನ್ ಅಣುವಿನಲ್ಲಿ ಹಾಗೇ ಕೂತಿರುತ್ತದೆ. ಆ ಬಡಪಾಯಿ ಜೀವಿಗಳು ಉಳಿದ ಒಂದು ಪಾಲಿನಲ್ಲಿ ಬದುಕುತ್ತವೆ, ಅದಕ್ಕೇ ಬಹಳ ನಿಧಾನವಾಗಿ ಬೆಳೆಯುತ್ತವೆ. ಗಾಳಿಯಾಡಿದ ರಾಶಿಯಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಗಾಳಿಯಿಲ್ಲದ ಕಡೆ ಅನಿಲವಾಗಿ ಉಳಿಯುತ್ತದೆ. ಆ ಅನಿಲವನ್ನು ಹಿಡಿದರೆ ಒಲೆ ಉರಿಯುತ್ತದೆ. ಹಿಡಿಯದೆ ಬಿಟ್ಟರೆ ಅದು ವಾಯುಮಂಡಲ ಸೇರಿ ನೂರು ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಾದರೆ 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ.

ಈ ಎರಡು ದಾರಿಗಳಿಗೂ ವಿಜ್ಞಾನದ ಪುಸ್ತಕಗಳಲ್ಲಿ ಭಾರತದ ಎರಡು ಊರುಗಳ ಹೆಸರಿದೆ. ಒಂದು ಇಂದೋರ್, ಇನ್ನೊಂದು ನಮ್ಮ ಬೆಂಗಳೂರು.

ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನ ಸಸ್ಯ ಸಂಶೋಧನಾ ಸಂಸ್ಥೆಯನ್ನು ನಡೆಸಿದರು. ಹತ್ತಿಕಡ್ಡಿ, ಕಳೆ, ಸಗಣಿ, ಗಂಜಲದ ಮಣ್ಣು ಇವನ್ನು ಪದರ ಪದರವಾಗಿ ಹಾಕಿ, ಆಗಾಗ ತಿರುವಿ ಗಾಳಿಯಾಡಿಸಿ, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ಅಲ್ಲಿ ಅಳೆದು ತೂಗಿ ಗೊತ್ತುಮಾಡಿದರು. ಅವರ ಸಹೋದ್ಯೋಗಿ ಯಶವಂತ ವಾಡ್ ಜೊತೆ ಸೇರಿ 1931ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಲೋಕಕ್ಕೆಲ್ಲ ‘ಇಂದೋರ್ ವಿಧಾನ’ವಾಯಿತು. ನಮ್ಮ ರೈತರಿಂದಲೂ ಚೀನಾದ ರೈತರ ಪದ್ಧತಿಯಿಂದಲೂ ಕಲಿತೆನೆಂದು ಹೊವಾರ್ಡ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಬೆಂಗಳೂರು ವಿಧಾನ 1939ರದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅದನ್ನು ರೂಪಿಸಿದರು. ಹಳ್ಳಿಯ ಹೊಲಕ್ಕಿಂತ ಪಟ್ಟಣದ ಕಸ ಅವರ ಲಕ್ಷ್ಯವಾಗಿತ್ತು. ಸುಮಾರು ಒಂದು ಮೀಟರ್ ಆಳದ ಕಂದಕ ತೋಡಿ, ಊರಿನ ಕಸ ಒಂದು ಪದರ, ಮಲ ಒಂದು ಪದರ, ಹೀಗೆ ತುಂಬಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮೊದಲ ಎಂಟು ಹತ್ತು ದಿನ ಒಳಗಿದ್ದ ಗಾಳಿಯಲ್ಲಿ ಕಾವು ಏರುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿಯುತ್ತದೆ. ತಿರುವುವ ಕೂಲಿ ಇಲ್ಲ, ನೀರು ಹೆಚ್ಚು ಬೇಡ, ಸಾರಜನಕ ಗಾಳಿಗೆ ಹೋಗುವುದೂ ಕಡಿಮೆ. ಆರರಿಂದ ಎಂಟು ತಿಂಗಳು ಕಾಯಬೇಕು ಅಷ್ಟೆ. ಮಳೆ ಕಡಿಮೆಯಿರುವ ಸೀಮೆಗೆ ಹೇಳಿ ಮಾಡಿಸಿದ ಉಪಾಯವಾದ್ದರಿಂದ ಅದು ದೇಶದ ಅನೇಕ ಪುರಸಭೆಗಳಿಗೆ ಹರಡಿತು.

ಆ ಕಂದಕಗಳಿಗೆ ಮಲವನ್ನು ತಂದವರು ಯಾರು ಎಂಬುದನ್ನು ವಿಜ್ಞಾನದ ಲೇಖನಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಅದು ಮನುಷ್ಯರ ತಲೆಯ ಮೇಲೆ ಬರುತ್ತಿತ್ತು, ಆ ತಲೆಗಳು ದಲಿತರವಾಗಿದ್ದವು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಸಾರಜನಕ ಉಳಿಸುವ ಒಂದು ಜಾಣ ವಿಧಾನ ಇಂಥ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನು ಮರೆತು ಅದನ್ನು ಹೊಗಳಲು ನನಗೆ ಮನಸ್ಸಿಲ್ಲ. ಇವತ್ತಿಗೂ ಬೇರ್ಪಡಿಸದೆ ಕೊಟ್ಟ ಕಸವನ್ನು ಕೊನೆಗೆ ಬೇರ್ಪಡಿಸುವುದು ಪೌರಕಾರ್ಮಿಕರ ಬೆರಳುಗಳೇ. ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಬಿಸಾಡಿದ ಹಳಸಲು ಸಾರನ್ನು, ಅದರೊಳಗಿನ ಡಯಾಪರನ್ನು, ಒಡೆದ ಬಲ್ಬನ್ನು ಬಿಡಿಸುವುದು ಅವರ ಕೈ.

1939ರ ಕಸದಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಟ್ಯೂಬ್‌ಲೈಟ್, ಮಾತ್ರೆಯ ಹಾಳೆ, ಶಾಂಪೂ ಪ್ಯಾಕೆಟ್ ಇರಲಿಲ್ಲ. ಮನೆಯ ಮುಸುರೆ ಬಹಳಷ್ಟು ಕಲಗಚ್ಚಾಗಿ ಹಸುವಿನ ಬಾನಿಗೆ ಹೋಗುತ್ತಿತ್ತು. ಹಸು ಊರು ಬಿಟ್ಟಿತು, ಪ್ಯಾಕೆಟ್ ಮನೆ ಸೇರಿತು. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಎಂಬ ಸರ್ಕಾರಿ ಸಂಸ್ಥೆ 1975ರಿಂದಲೂ ಹೊಸೂರು ರಸ್ತೆಯ ಬದಿಯಲ್ಲಿ ಗೊಬ್ಬರ ಮಾಡುತ್ತಲೇ ಇತ್ತು. ಆದರೆ ಊರು ಅದರ ಕೈಮೀರಿ ಬೆಳೆಯಿತು. ಹೊಸ ಶತಮಾನದಲ್ಲಿ ಬೆಂಗಳೂರಿನ ಕಸ ಲಾರಿಗಟ್ಟಲೆ ಯಲಹಂಕದಾಚೆಯ ಮಾವಳ್ಳಿಪುರಕ್ಕೆ, ಹೊಸಕೋಟೆ ಕಡೆಯ ಮಂಡೂರಿಗೆ ಹೋಯಿತು.

ಅಲ್ಲಿ ನಡೆದದ್ದನ್ನು ರಸಾಯನಶಾಸ್ತ್ರದ ಕಣ್ಣಲ್ಲಿ ನೋಡಿದರೆ ಅದು ಮಿತಿಮೀರಿದ, ಕಾವಲಿಲ್ಲದ ಬೆಂಗಳೂರು ವಿಧಾನ. ಬೆಟ್ಟದ ಹಾಗೆ ಕಸ ಒಟ್ಟಿದಾಗ ಒಳಗಿದ್ದ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಏಳುತ್ತವೆ, ರಾತ್ರಿ ರುಬ್ಬಿಟ್ಟ ದೋಸೆಹಿಟ್ಟಿನಲ್ಲಿ ಆಗುವಂತೆ. ಅನ್ನ, ತರಕಾರಿ ಮುರಿದು ಅಸಿಟಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳಾಗುತ್ತವೆ. ಈ ಹಂತದಲ್ಲಿ ಕಸದಿಂದ ಒಸರುವ ಕಪ್ಪು ನೀರು ಬಹಳ ಆಮ್ಲೀಯ. ಮುಕ್ಕಾಲು ಪಾಲು ನೀರೇ ಆಗಿದ್ದ ಕಸ ತನ್ನ ನೀರನ್ನು ಬಿಡುತ್ತದೆ, ಮಳೆಯೂ ಸೇರುತ್ತದೆ. ಆ ಹುಳಿನೀರು ಕೆಳಗಿಳಿಯುವ ದಾರಿಯಲ್ಲಿ ಸಿಕ್ಕ ಬ್ಯಾಟರಿ, ಬಣ್ಣ, ಸರ್ಕ್ಯೂಟಿನಿಂದ ಸೀಸವನ್ನೂ ಕ್ಯಾಡ್ಮಿಯಮನ್ನೂ ಕರಗಿಸಿಕೊಂಡು ಹೋಗುತ್ತದೆ. ಬಾಳೆಹಣ್ಣಿನ ಸಿಪ್ಪೆ ವಿಷವಲ್ಲ, ಡ್ರಾಯರಿನಲ್ಲಿ ಬಿದ್ದಿರುವ ಬ್ಯಾಟರಿಯೂ ಸುಮ್ಮನಿದ್ದರೆ ಅಷ್ಟು ಅಪಾಯಕಾರಿಯಲ್ಲ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದಾಗ ಮೊದಲನೆಯದರ ಹುಳಿ ಎರಡನೆಯದರ ಲೋಹವನ್ನು ಬೋರ್‌ವೆಲ್ಲಿನವರೆಗೆ ಮುಟ್ಟಿಸುತ್ತದೆ.

ಆಮ್ಲದ ಕಾಲ ಮುಗಿದ ಮೇಲೆ ಮಿಥೇನ್ ಕಾಲ. ಅದು ವರ್ಷಗಟ್ಟಲೆ ನಡೆಯುತ್ತದೆ. ಅಡುಗೆಮನೆಯ ಕಸ ಮರ, ಕಾಗದಕ್ಕಿಂತ ಎಷ್ಟೋ ಬೇಗ ಕೊಳೆಯುವುದರಿಂದ, ಅನಿಲ ಹಿಡಿಯುವ ಕೊಳವೆ ಹಾಕುವ ಹೊತ್ತಿಗೆ ಅದರ ಮಿಥೇನ್ ಬಹುಪಾಲು ಹೊರಟುಹೋಗಿರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಮಾಡಿದ ಅಂದಾಜಿನಂತೆ ಅಲ್ಲಿನ ಕಸದ ಗುಂಡಿಗಳಿಂದ ಸೋರುವ ಮಿಥೇನ್‌ನಲ್ಲಿ ಶೇ. 58ರಷ್ಟು ಬರೀ ಆಹಾರದ ಕಸದ್ದು. ಕೊಳವೆ ಜೋಡಿಸಿದ ಗುಂಡಿಗಳ ಕತೆಯೇ ಹೀಗಿರುವಾಗ ತೆರೆದ ರಾಶಿಗಳದ್ದನ್ನು ಊಹಿಸಬಹುದು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ರಾಶಿಗೆ ಬೆಂಕಿ ಹತ್ತಿ, ಹೆಚ್ಚೂಕಡಿಮೆ ಹನ್ನೆರಡು ದಿನ ಆ ನಗರ ಹೊಗೆಯಲ್ಲಿ ಮುಳುಗಿತ್ತು. ಅಲ್ಲಿ ಉರಿದದ್ದು ಹೆಚ್ಚಾಗಿ ಪ್ಲಾಸ್ಟಿಕ್. ಮಿಥೇನ್ ತುಂಬಿದ ರಾಶಿಯಲ್ಲಿ ಇಂಥ ಬೆಂಕಿ ಒಮ್ಮೆ ಒಳಹೊಕ್ಕರೆ ಮೇಲಿನಿಂದ ನೀರು ಹೊಡೆದು ಆರಿಸುವುದು ಬಹಳ ಕಷ್ಟ.

ಮಾವಳ್ಳಿಪುರ, ಮಂಡೂರಿನ ಜನ ಈ ರಸಾಯನಶಾಸ್ತ್ರವನ್ನು ಓದಿ ತಿಳಿದದ್ದಲ್ಲ. ನೊಣ, ವಾಸನೆ, ಕೆಟ್ಟ ನೀರಿನ ರೂಪದಲ್ಲಿ ಅದು ಅವರ ಮನೆಬಾಗಿಲಿಗೇ ಬಂತು. 2012ರಲ್ಲಿ ಮಾವಳ್ಳಿಪುರ ಮುಚ್ಚಿತು, ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಯಾಯಿತು. ಮಂಡೂರಿನವರು ಲಾರಿಗಳನ್ನು ತಡೆದು ಮತ್ತೆ ಮತ್ತೆ ರಸ್ತೆಗಿಳಿದರು, 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. ಕಸ ಬೇರ್ಪಡಿಸುವ ಪದ್ಧತಿ ಬೆಂಗಳೂರಿಗೆ ಬಂದದ್ದು ಯಾವುದೋ ಪರಿಸರ ದಿನಾಚರಣೆಯಿಂದ ಅಲ್ಲ, ಈ ಹಳ್ಳಿಗಳ ಹೋರಾಟದಿಂದ. ನಗರದ ಇತಿಹಾಸ ಬರೆಯುವವರು ಇದನ್ನು ಅವರ ಖಾತೆಗೇ ಜಮಾ ಮಾಡಬೇಕು.

2012ರ ಅಕ್ಟೋಬರಿನಿಂದ ಬೇರ್ಪಡಿಸುವುದು ಕಡ್ಡಾಯವೆಂದು ಆಗಿನ ಬಿಬಿಎಂಪಿ ಸಾರಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ‘ಎರಡು ಡಬ್ಬಿ, ಒಂದು ಚೀಲ’ದ ಕ್ರಮಕ್ಕೆ ಮುದ್ರೆ ಒತ್ತಿತು: ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಮುಂತಾದ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಹಸಿರು ಡಬ್ಬಿಯ ತಳಕ್ಕೆ ಬೇಕಿದ್ದರೆ ಹಳೇ ಪೇಪರ್ ಹಾಸಬಹುದು, ಪ್ಲಾಸ್ಟಿಕ್ ಕವರ್ ಕೂಡದು. ಕವರ್ ಕೂಡದೆಂಬ ಈ ಮಾತು ಬರೀ ಶಿಸ್ತಿಗಾಗಿ ಹೇಳಿದ್ದಲ್ಲ. ಗಂಟು ಹಾಕಿದ ಕವರಿನೊಳಗೆ ಗಾಳಿ ಮುಗಿದು ಕೊಳೆತ ಆಗಲೇ ಎರಡನೇ ದಾರಿ ಹಿಡಿದಿರುತ್ತದೆ.

ಸಮಯದ ಲೆಕ್ಕವೂ ಇದೆ. ಜೀವರಾಸಾಯನಿಕ ಕ್ರಿಯೆಗಳ ವೇಗ ಸಾಮಾನ್ಯವಾಗಿ ತಾಪ 10 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟಾಗುತ್ತದೆ. 10 ಡಿಗ್ರಿಯ ಚಳಿಯಲ್ಲಿ ವಾರ ತೆಗೆದುಕೊಳ್ಳುವ ಕೊಳೆತಕ್ಕೆ 30 ಡಿಗ್ರಿಯ ಏಪ್ರಿಲ್‌ನಲ್ಲಿ ಎರಡು ದಿನ ಸಾಕು. ಇಂಗ್ಲೆಂಡಿನಲ್ಲಿ 2026ರ ಮಾರ್ಚ್ 31ರ ಗಡುವು ಹಾಕಿ ಎಲ್ಲ ಮನೆಗಳಿಂದಲೂ ಆಹಾರದ ಕಸವನ್ನು ಬೇರೆಯಾಗಿ ಒಯ್ಯಬೇಕೆಂದು ಕಾನೂನು ಮಾಡಿದ್ದಾರೆ, ಅದೂ ವಾರಕ್ಕೊಮ್ಮೆ. ಅಲ್ಲಿಗೆ ಅದು ಸರಿ. ನಮ್ಮಲ್ಲಿ ಹಸಿ ಕಸದ ಗಾಡಿ ದಿನವೂ ಬರಬೇಕಾದದ್ದು ಹವಾಮಾನದ ಅಗತ್ಯ, ಯಾರದೋ ಉದಾರತೆಯಲ್ಲ. ಒಂದು ದಿನ ಗಾಡಿ ತಪ್ಪಿದರೆ ಮರುದಿನ ಘಟಕಕ್ಕೆ ಹೋಗುವುದು ಬೇರೆಯದೇ ವಸ್ತು.

ಮಂಡೂರಿನ ನಂತರ ಕಟ್ಟಿದ ಗೊಬ್ಬರ ಘಟಕಗಳಿಗೆ ಬಿದ್ದ ಪೆಟ್ಟೂ ಇದೇ. ಕನ್ನಹಳ್ಳಿ, ಸೀಗೇಹಳ್ಳಿ, ಲಿಂಗಧೀರನಹಳ್ಳಿ, ಸುಬ್ಬರಾಯನಪಾಳ್ಯ, ದೊಡ್ಡಬಿದರಕಲ್ಲು, ಚಿಕ್ಕನಾಗಮಂಗಲ ಇಲ್ಲೆಲ್ಲ ಅವು ಎದ್ದವು. ಉದ್ದನೆಯ ರಾಶಿ ಹಾಕಿ, ವಾರವಾರ ಯಂತ್ರದಿಂದ ತಿರುವಿ, ಜರಡಿ ಹಿಡಿಯುವ ಇಂದೋರಿನ ಕ್ರಮವೇ ಅಲ್ಲಿನದು. ಕಾಗದದ ಮೇಲೆ ತಪ್ಪಿರಲಿಲ್ಲ. ಆದರೆ ಬೇರ್ಪಡಿಸದ ಕಸವೂ ಲಾರಿಗಳಲ್ಲಿ ಬಂತು, ಕಾಂಪ್ಯಾಕ್ಟರಿನಲ್ಲಿ ಹಿಂಡಿ ಗಾಳಿಯೆಲ್ಲ ಹೊರಹಾಕಿದ ಕಸ. ರಾಶಿ ಗಾಳಿಯಾಡಿಕೊಂಡು ಸರಿಯಾಗಿ ಕೊಳೆಯಬೇಕಾದರೆ ತೇವ ಶೇ. 50-60 ಇರಬೇಕು, ಇಂಗಾಲ ಸಾರಜನಕಕ್ಕಿಂತ 25-30 ಪಟ್ಟು ಇರಬೇಕು. ನಮ್ಮ ಸಿಪ್ಪೆಯಲ್ಲಿ ತೇವ ಹೆಚ್ಚು, ಇಂಗಾಲ ಕಡಿಮೆ. ಒಣಗಿದ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಬೆರೆಸಿದರೆ ಎರಡೂ ಸರಿಹೋಗುತ್ತವೆ. ಬೆರೆಸದಿದ್ದರೆ ರಾಶಿ ಮುದ್ದೆಗಟ್ಟಿ, ನಡುವೆ ಪ್ಲಾಸ್ಟಿಕ್ ಹಾಳೆ ಅಡ್ಡ ಬಂದು, ಒಳಗೊಳಗೇ ಗಾಳಿಯಿಲ್ಲದ ಕೋಣೆಗಳಾಗುತ್ತವೆ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡನ್ನು, ಬ್ಯುಟಿರಿಕ್ ಆಮ್ಲವನ್ನು ನಮ್ಮ ಮೂಗು ಗಾಳಿಯ ನೂರು ಕೋಟಿ ಕಣದಲ್ಲಿ ಕೆಲವೇ ಕಣ ಇದ್ದರೂ ಹಿಡಿಯುತ್ತದೆ. ಲಿಂಗಧೀರನಹಳ್ಳಿಯ ನಿವಾಸಿಗಳು ಬೀದಿಗಿಳಿದದ್ದು ಆ ವಾಸನೆಗೆ. ‘ನಮ್ಮ ಹಿತ್ತಲಲ್ಲಿ ಬೇಡ’ ಎನ್ನುವವರೆಂದು ಅವರನ್ನು ಬೈಯುವುದು ಸುಲಭ. ಒಳ್ಳೆಯ ಗೊಬ್ಬರದ ರಾಶಿ ಗಬ್ಬು ನಾರುವುದಿಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ ಬೀರುತ್ತದೆ, ಎರಡರಲ್ಲೂ ಒಂದೇ ಜಾತಿಯ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ಒಂದೇ ಪದಾರ್ಥವಿದೆ. ನಾರುತ್ತಿದ್ದರೆ ಎಲ್ಲೋ ಗಾಳಿ ಕಟ್ಟಿದೆ ಎಂದೇ ಅರ್ಥ, ದೂರುವವರ ಮೂಗು ಅಲ್ಲಿ ಒಂದು ಉಪಕರಣದಷ್ಟೇ ನಂಬಲರ್ಹ.

ಇತ್ತ ಇಂದೋರಿನವರು ಏನು ಮಾಡಿದರು ನೋಡಿ. ಗಾಳಿಯಾಡಿಸುವ ವಿಧಾನಕ್ಕೆ ಹೆಸರು ಕೊಟ್ಟ ಊರು ಈಗ ಗಾಳಿಯಿಲ್ಲದ ದಾರಿ ಹಿಡಿದಿದೆ. 2022ರ ಫೆಬ್ರವರಿಯಲ್ಲಿ ಅಲ್ಲಿ ಶುರುವಾದ ಘಟಕ ದಿನಕ್ಕೆ 550 ಟನ್ ಹಸಿ ಕಸ ನುಂಗಿ ಸುಮಾರು 17 ಟನ್ ವಾಹನ ಇಂಧನ, ಜೊತೆಗೆ 100 ಟನ್ ಗೊಬ್ಬರ ಕೊಡುವಂತೆ ಕಟ್ಟಿದ್ದು. ಊರಿನ ಬಸ್ಸುಗಳು ಆ ಅನಿಲದಲ್ಲಿ ಓಡುತ್ತವೆ. ಈ ಅಳತೆಯನ್ನು ನಮ್ಮ ನಾಲ್ಕು ಜನರ ಮನೆಗೆ ತಂದು ನೋಡಿದರೆ, ಅವರ ವರ್ಷದ ಹಸಿ ಕಸದಲ್ಲಿ ಹೆಚ್ಚೂಕಡಿಮೆ ಒಂದು ಅಡುಗೆ ಅನಿಲದ ಸಿಲಿಂಡರಿನಷ್ಟು ಶಕ್ತಿಯಿದೆ. ಅದೇ ಮಿಥೇನ್ ಹಿಡಿಯುವವರಿಲ್ಲದೆ ಗಾಳಿಗೆ ಸೇರಿದರೆ 300 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ.

ಬೆಂಗಳೂರಿನಲ್ಲೂ ವಾರ್ಡುಗಳಲ್ಲಿ ದಿನಕ್ಕೆ 5 ಟನ್‌ನ ಅನಿಲ ಘಟಕಗಳು ಬಂದವು, ಹಲವು ಕೆಲಸ ನಿಲ್ಲಿಸಿದವು. ಇಂದೋರಿನ ಟ್ಯಾಂಕ್ ದೊಡ್ಡದೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಮಿಥೇನ್ ಮಾಡುವ ಜೀವಿಗಳ ಸ್ವಭಾವ ಗೊತ್ತಾದರೆ ಕಾರಣವೂ ತಿಳಿಯುತ್ತದೆ. ಇವು ಬ್ಯಾಕ್ಟೀರಿಯಾಗಳೇ ಎಂದು ವಿಜ್ಞಾನಿಗಳು ಬಹುಕಾಲ ತಿಳಿದಿದ್ದರು. 1977ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವುಗಳ ಆರ್‌ಎನ್‌ಎಯನ್ನು ಹೋಲಿಸಿ, ಬ್ಯಾಕ್ಟೀರಿಯಾಗಳಿಗೂ ಇವಕ್ಕೂ ಇರುವ ದೂರ ಬ್ಯಾಕ್ಟೀರಿಯಾಗಳಿಗೂ ನಮಗೂ ಇರುವಷ್ಟೇ ಎಂದು ತೋರಿಸಿದರು. ಆರ್ಕಿಯಾ ಎಂಬ ಮೂರನೆಯ ಜೀವಕುಲವೇ ಅಲ್ಲಿ ಕಂಡುಬಂತು, ಅದನ್ನು ತೋರಿಸಿಕೊಟ್ಟದ್ದು ಮಿಥೇನ್ ಮಾಡುವ ಈ ಜೀವಿಗಳು. ಹಸುವಿನ ಹೊಟ್ಟೆಯಲ್ಲಿ ಇವು ಹೇರಳ. ಅದಕ್ಕೇ ಹೊಸ ಟ್ಯಾಂಕಿಗೆ ಮೊದಲು ಸಗಣಿ ಸುರಿಯುವುದು.

ಆಮ್ಲ ಮಾಡುವ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ಇಮ್ಮಡಿಯಾದರೆ ಆಮ್ಲವನ್ನು ಮಿಥೇನ್ ಮಾಡುವ ಆರ್ಕಿಯಾಕ್ಕೆ ದಿನಗಳೇ ಬೇಕು. ಮದುವೆ ಸೀಸನ್ನಿನಲ್ಲಿ ಒಮ್ಮೆಲೇ ಅನ್ನ, ಪಾಯಸ, ಹೋಳಿಗೆ ಬಂದು ಟ್ಯಾಂಕಿಗೆ ಬಿದ್ದರೆ ಆಮ್ಲ ಹೆಚ್ಚಿ ಪಿಎಚ್ ಆರೂವರೆಗಿಂತ ಕೆಳಗಿಳಿಯುತ್ತದೆ, ಆರ್ಕಿಯಾ ಕೈಚೆಲ್ಲುತ್ತದೆ, ಟ್ಯಾಂಕ್ ಹುಳಿಯುತ್ತದೆ. ಮತ್ತೆ ಸರಿಯಾಗಲು ವಾರಗಳು ಬೇಕು. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆ ಹೆಚ್ಚಾದರೂ ಅವಕ್ಕೆ ಆಗದು. ತೆಂಗಿನ ಚಿಪ್ಪು, ಮಾವಿನ ಓಟೆ, ಮೂಳೆ ಇವು ಪಂಪನ್ನು ಕಟ್ಟುತ್ತವೆ. ಪ್ಲಾಸ್ಟಿಕ್ ಎಳೆಗಳು ಕಲಕುವ ಯಂತ್ರಕ್ಕೆ ಸುತ್ತಿಕೊಳ್ಳುತ್ತವೆ. ಗೊಬ್ಬರದ ರಾಶಿ ಒಂದಿಷ್ಟು ಕಲಬೆರಕೆಯನ್ನು ಸಹಿಸೀತು, ಅನಿಲದ ಟ್ಯಾಂಕ್ ಸಹಿಸದು. ಇಂದೋರಿನವರು ಮೊದಲು ವರ್ಷಗಟ್ಟಲೆ ಮನೆಮನೆಯಲ್ಲಿ ಬೇರ್ಪಡಿಸುವುದನ್ನು ಕಲಿಸಿ, ಗಾಡಿಯೊಳಗೂ ಬೇರೆ ಬೇರೆ ಖಾನೆ ಮಾಡಿ, ಆಮೇಲೆ ಟ್ಯಾಂಕ್ ಕಟ್ಟಿದರು. ಮೊದಲು ಯಂತ್ರ ತಂದು ಆಮೇಲೆ ಜನರನ್ನು ತಿದ್ದಲು ಹೊರಟ ಕಡೆಗಳಲ್ಲಿ ಯಂತ್ರ ತುಕ್ಕು ಹಿಡಿಯಿತು. ಬೆರೆಸಲು ಒಂದು ಕ್ಷಣ ಸಾಕು. ಬೆರೆತದ್ದನ್ನು ಬಿಡಿಸಲು ಕರೆಂಟು, ಜರಡಿ, ಅಯಸ್ಕಾಂತ, ಗಾಳಿಯಂತ್ರ, ಕೊನೆಗೆ ಯಾರದೋ ಬೆರಳು ಇಷ್ಟೂ ಬೇಕು, ಆಗಲೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಬೆರೆತದ್ದು ತಾನಾಗಿ ಬೇರೆಯಾಗದೆನ್ನುವ ಉಷ್ಣಬಲ ಶಾಸ್ತ್ರದ ಎರಡನೇ ನಿಯಮ ಅಡುಗೆಮನೆಯ ಸಿಂಕಿನ ಬಳಿಯೂ ನಡೆಯುತ್ತದೆ.

ದಕ್ಷಿಣ ಕೊರಿಯಾ 2005ರಲ್ಲಿ ಆಹಾರದ ಕಸವನ್ನು ನೇರವಾಗಿ ಹೂಳುವುದನ್ನು ನಿಷೇಧಿಸಿತು, 2013ರಿಂದ ತೂಕಕ್ಕೆ ತಕ್ಕ ಶುಲ್ಕ ವಸೂಲಿ ಶುರುವಾಯಿತು. ಅಪಾರ್ಟ್‌ಮೆಂಟಿನ ಡಬ್ಬಿಗೆ ಕಾರ್ಡ್ ತೋರಿಸಿದರೆ ಬಾಯಿ ತೆರೆಯುತ್ತದೆ, ಒಳಗೆ ಸುರಿದದ್ದನ್ನು ತೂಗಿ ಬಿಲ್ಲಿಗೆ ಸೇರಿಸುತ್ತದೆ. ಹಸಿ ಕಸದ ತೂಕದಲ್ಲಿ ಮುಕ್ಕಾಲು ನೀರಾದ್ದರಿಂದ ಅಲ್ಲಿನ ಜನ ಸುರಿಯುವ ಮುಂಚೆ ನೀರು ಹಿಂಡಲು ಕಲಿತರು. ನಮ್ಮಲ್ಲಿ ಬಿಲ್ ಇಲ್ಲದಿದ್ದರೂ ಸಿಪ್ಪೆಯನ್ನು ಜಾಲರಿಯಲ್ಲಿ ಬಸಿದು ಡಬ್ಬಿಗೆ ಹಾಕಿದರೆ ಲಾರಿಗೂ ಘಟಕಕ್ಕೂ ಅಷ್ಟೇ ಲಾಭ.

ಮನೆಯಲ್ಲೇ ಮಾಡುವವರೂ ಇದ್ದಾರೆ. 2006ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಡೈಲಿ ಡಂಪ್ ಒಂದರ ಮೇಲೊಂದು ಇಡುವ ಮಣ್ಣಿನ ಮಡಕೆಗಳನ್ನು ಮಾಡಿಸಿ ಮಾರತೊಡಗಿದ ಮೇಲೆ ಬಾಲ್ಕನಿಗಳಲ್ಲೂ ಗೊಬ್ಬರ ಆಗುತ್ತಿದೆ. ಮಣ್ಣಿನ ಗೋಡೆ ಉಸಿರಾಡುತ್ತದೆ, ತೇವ ಹೀರುತ್ತದೆ, ಜೊತೆಗೆ ಒಂದು ಹಿಡಿ ಒಣ ಎಲೆ. ಹೊಸಬರು ಕೈಬಿಡುವುದು ಸಾಮಾನ್ಯವಾಗಿ ‘ಹುಳ ಬಿತ್ತು’ ಎಂದಾಗ. ದಪ್ಪನೆಯ ಕಂದು ಹುಳಗಳಾದರೆ ಅವು ಬಹುತೇಕ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಆ ನೊಣ ದೊಡ್ಡದಾದ ಮೇಲೆ ನಮ್ಮ ಊಟದ ಮೇಲೆ ಬಂದು ಕೂರುವುದಿಲ್ಲ, ರೋಗ ಹರಡುವುದಿಲ್ಲ. ಮರಿಗಳು ಮಾತ್ರ ದಿನವೂ ತಮ್ಮ ತೂಕಕ್ಕಿಂತ ಹೆಚ್ಚು ತಿನ್ನಬಲ್ಲವು, ಒಣಗಿಸಿದರೆ ಶೇ. 40ರಷ್ಟು ಪ್ರೋಟೀನ್ ಕೊಡುತ್ತವೆ, ಕೋಳಿ-ಮೀನಿನ ಆಹಾರಕ್ಕೆ ಅವನ್ನು ಸಾಕುವ ಉದ್ಯಮವೇ ಇದೆ. ಹೆದರಿ ಫಿನಾಯಿಲ್ ಸುರಿಯದೆ ಒಂದು ಪದರ ಒಣ ಎಲೆ ಹಾಕಿದರೆ ಸಾಕು.

ಈಗ ಹೊಲದ ಮಾತು. ಕೋಲಾರ, ಚಿಕ್ಕಬಳ್ಳಾಪುರ, ಮಾಲೂರು, ಆನೇಕಲ್ ಕಡೆಯಿಂದ ಪ್ರತಿ ರಾತ್ರಿ ತರಕಾರಿ, ಸೊಪ್ಪು ಬೆಂಗಳೂರಿಗೆ ಬರುತ್ತದೆ. ಅದರ ಜೊತೆಗೆ ಆ ಕೆಂಪು ಮಣ್ಣಿನ ರಂಜಕ, ಪೊಟ್ಯಾಷ್, ಇಂಗಾಲವೂ ಬರುತ್ತದೆ. ಆ ಮಣ್ಣಿಗೆ ಮೊದಲೇ ಇಂಗಾಲ ಕಡಿಮೆ, ಅನೇಕ ಕಡೆ ಶೇ. 0.5ನ್ನೂ ಮುಟ್ಟುವುದಿಲ್ಲ. ಪೊಟ್ಯಾಷನ್ನಂತೂ ದೇಶ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ದಿನಕ್ಕೆ ಹುಟ್ಟುವ ನಾಲ್ಕೈದು ಸಾವಿರ ಟನ್ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಅದನ್ನು 2,500 ಟನ್ ಎಂದಿಟ್ಟುಕೊಂಡು, ಗೊಬ್ಬರವಾದಾಗ ಐದನೇ ಒಂದು ಪಾಲು ಉಳಿಯುತ್ತದೆಂದು ಹಿಡಿದರೆ ವರ್ಷಕ್ಕೆ ಸುಮಾರು 1.8 ಲಕ್ಷ ಟನ್. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ ಏಳೂವರೆ ಟನ್ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬ ಶಿಫಾರಸಿನಂತೆ ಇಷ್ಟು ಗೊಬ್ಬರ ಸುಮಾರು 24 ಸಾವಿರ ಹೆಕ್ಟೇರಿಗೆ ಆದೀತು. ಕರ್ನಾಟಕದಲ್ಲಿ ರಾಗಿ ಬೆಳೆಯುವುದು ಸುಮಾರು 7 ಲಕ್ಷ ಹೆಕ್ಟೇರಿನಲ್ಲಿ. ಇಡೀ ಬೆಂಗಳೂರಿನ ಅಡುಗೆಮನೆ ಕಸವೆಲ್ಲ ಗೊಬ್ಬರವಾದರೂ ರಾಗಿ ಹೊಲದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲಿಗಷ್ಟೇ ಸಾಕು. ಇಷ್ಟು ಗೊಬ್ಬರವನ್ನು ಕೊಳ್ಳುವವರು ಯಾರೆಂಬ ಚಿಂತೆಗೆ ಜಾಗವೇ ಇರಬಾರದಿತ್ತು.

ಆದರೂ ಚಿಂತೆ ಇದೆ, ಅದಕ್ಕೆ ಕಾರಣ ಬೆಲೆ ಮತ್ತು ಗುಣ. ರಸಗೊಬ್ಬರ ನಿಯಂತ್ರಣ ಆದೇಶದಂತೆ ನಗರ ಗೊಬ್ಬರದಲ್ಲಿ ಸಾರಜನಕ ಕನಿಷ್ಠ ಶೇ. 0.8 ಇರಬೇಕು. ಟನ್‌ಗೆ 8 ಕಿಲೋ ಆಯಿತು. 45 ಕಿಲೋದ ಒಂದು ಯೂರಿಯಾ ಮೂಟೆಯಲ್ಲಿ 20 ಕಿಲೋಗಿಂತ ಹೆಚ್ಚಿದೆ, ಸಬ್ಸಿಡಿ ಕಳೆದು ಅದರ ಬೆಲೆ ಮುನ್ನೂರು ರೂಪಾಯಿಯೊಳಗೆ. ಸಾರಜನಕ ಒಂದನ್ನೇ ಲೆಕ್ಕ ಹಾಕುವ ರೈತ ಗೊಬ್ಬರದ ಲಾರಿ ಬಾಡಿಗೆಯನ್ನು ಏಕೆ ಕೊಟ್ಟಾನು? ಯೂರಿಯಾದಲ್ಲಿ ಸಿಗದ, ಟನ್‌ಗೆ 120 ಕಿಲೋದಷ್ಟು ಸಾವಯವ ಇಂಗಾಲ ಈ ಗೊಬ್ಬರದಲ್ಲಿದೆ. ಮಳೆ ಹದಿನೈದು ದಿನ ತಡವಾದಾಗ ರಾಗಿ ಪೈರು ಬಾಡದಂತೆ ತೇವ ಹಿಡಿಯುವುದು ಆ ಇಂಗಾಲ. ಅದಕ್ಕೆ ಬೆಲೆ ಕಟ್ಟುವ ಪ್ರಯತ್ನವಾಗಿ 2016ರಲ್ಲಿ ಕೇಂದ್ರ ಸರ್ಕಾರ ನಗರ ಗೊಬ್ಬರಕ್ಕೆ ಟನ್‌ಗೆ 1,500 ರೂಪಾಯಿ ನೆರವು ಘೋಷಿಸಿತ್ತು.

ಗುಣದ ಮಾತು ಅದಕ್ಕಿಂತ ಗಟ್ಟಿ. ಅದೇ ಆದೇಶ ಕಿಲೋ ಗೊಬ್ಬರದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ, ಪಾದರಸ 0.15 ಮಿಲಿಗ್ರಾಂ ಮೀರಬಾರದೆನ್ನುತ್ತದೆ. ಬೇರೆಯಾಗಿಯೇ ತಂದ ಹಸಿ ಕಸಕ್ಕೆ ಈ ಮಿತಿ ಕಷ್ಟವಲ್ಲ, ಬೆರೆಸಿ ತಂದ ಕಸಕ್ಕೆ ಕಷ್ಟ. ಗೊಬ್ಬರದ ಶೇ. 90ರಷ್ಟು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕೆಂಬ ನಿಯಮವೂ ಇದೆ. ಕಾಂಪ್ಯಾಕ್ಟರಿನಲ್ಲಿ ಪುಡಿಯಾದ ಬಲ್ಬಿನ ಗಾಜು 4 ಮಿಲಿಮೀಟರಿಗಿಂತ ಸಣ್ಣದಿರುತ್ತದೆ, ಜರಡಿಯಲ್ಲಿ ಗೊಬ್ಬರದ ಜೊತೆಗೇ ಇಳಿಯುತ್ತದೆ. ರಾಗಿ ಹೊಲದಲ್ಲಿ ಕಳೆ ತೆಗೆಯುವವರು ಬರಿಗಾಲಲ್ಲಿ, ಬರಿಗೈಯಲ್ಲಿ ಕೆಲಸ ಮಾಡುತ್ತಾರೆ. ಒಮ್ಮೆ ಗಾಜು ಚುಚ್ಚಿಸಿಕೊಂಡ ಊರಿನಲ್ಲಿ ನಗರದ ಗೊಬ್ಬರವನ್ನು ಎರಡನೇ ಸಲ ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.